ಊಟದ ಕೋಣೆಯ ನೀಲಿ ದೋಣಿ

ಮೀನಿನ ಬಲೆ ಕಟ್ಟುವ ನಮ್ಮ ಕಾರ್ಖಾನೆಯ ಊಟದ ಕೋಣೆಯಲ್ಲಿ ಮೊದಲು ಇದ್ದದ್ದು ಒಂದು ಕ್ಯಾಲೆಂಡರ್, ಊರಿನ ಫುಟ್‌ಬಾಲ್ ತಂಡದ ಹಳೇ ಪೋಸ್ಟರ್, ಅಷ್ಟೇ. ವಿಬೆಕೆ ಮ್ಯಾನೇಜರಾಗಿ ಬಂದ ಚಳಿಗಾಲದಲ್ಲಿ ಎರಡನ್ನೂ ತೆಗೆಸಿದಳು. ಊರಲ್ಲಿ ಚಿತ್ರ ಬರೆಯುವವರು ಎಷ್ಟೋ ಜನರಿದ್ದಾರೆ, ತೋರಿಸಲು ಜಾಗವಿಲ್ಲ. ಅವರ ಚಿತ್ರಗಳನ್ನು ಇಲ್ಲಿ ಹಾಕೋಣ, ಶನಿವಾರ ಬಾಗಿಲು ತೆರೆದಿಡೋಣ, ಊರವರೂ ಬಂದು ನೋಡಲಿ ಎಂದಳು.

"ಈ ಟಾರಿನ ವಾಸನೆ ಕುಡಿಯೋಕೆ ಯಾರು ಬರ್ತಾರೆ?" ಎಂದು ಬಲೆಗಳಿಗೆ ಟಾರು ಬಳಿಯುವ ಪ್ರೆಬೆನ್ ನಕ್ಕ.

"ನೀನು ದಿನಾ ಬರ್ತೀಯಲ್ಲ."

"ನಂಗೆ ಸಂಬಳ ಕೊಡ್ತೀಯ ಮಾರಾಯ್ತಿ!"

ಮೊದಲು ಬಂದವು ತೋವೆಯವರ ಚಿತ್ರಗಳು. ಊರಿಗೆಲ್ಲ ಅಂಚೆ ಹಂಚಿ ನಿವೃತ್ತರಾದ ಹೆಂಗಸು ಅವರು. ಮನೆ ಬಂದರಿನ ಎದುರಿಗೇ ಇದೆ. ಕಿಟಕಿಯಿಂದ ಕಂಡದ್ದನ್ನು ಬರೆಯುತ್ತಾರೆ. ಅವುಗಳಲ್ಲೊಂದು, ನಸುಕಿನಲ್ಲಿ ಬಂದರು ಬಿಟ್ಟು ಹೊರಟ ನೀಲಿ ದೋಣಿ.

ಬಲೆ ರಿಪೇರಿಯ ಆಸ್ಗರ್ ಬುತ್ತಿ ಹಿಡಿದು ಒಳಗೆ ಬಂದವನು ಅದನ್ನು ನೋಡಿದ, ಹಾಗೇ ಹೊರಗೆ ಹೋದ. ಆಮೇಲೆ ತಣ್ಣಗಿನ ಶೆಡ್ಡಿನಲ್ಲಿ ಬಲೆಗಳ ರಾಶಿಯ ಮೇಲೆ ಕೂತು ಒಬ್ಬನೇ ಉಣ್ಣತೊಡಗಿದ. ವಿಬೆಕೆ ಅದನ್ನು ಗಮನಿಸಿ ನನ್ನನ್ನು ಕೇಳಿದಳು.

"ಅವನ ತಮ್ಮ ಯೆಪ್ಪೆ ಆ ದೋಣೀಲಿ ಇದ್ದ," ಎಂದೆ. "ಎಷ್ಟೋ ವರ್ಷದ ಹಿಂದೆ ಒಂದು ನಸುಕಲ್ಲಿ ಮೀನಿಗೆ ಹೋದವರು ಯಾರೂ ವಾಪಸ್ ಬರ್ಲಿಲ್ಲ."

ಅವಳು ಬೇರೆ ಊರಿನವಳು. ಇದು ಅವಳಿಗೆ ತಿಳಿದಿರಲಿಲ್ಲ. "ನೀವಾದ್ರೂ ಹೇಳ್ಬಾರ್ದಿತ್ತಾ?"

"ಇಲ್ಲಿ ಯಾರೂ ಆ ಮಾತು ಎತ್ತಲ್ಲ."

ಅವಳು ಕುರ್ಚಿ ಎಳೆದು, ಹತ್ತಿ, ಚಿತ್ರಕ್ಕೆ ಕೈ ಹಾಕುವಷ್ಟರಲ್ಲಿ ಆಸ್ಗರ್ ಬಾಗಿಲಲ್ಲಿ ನಿಂತಿದ್ದ.

"ಇಳಿಸ್ಬೇಡ," ಎಂದ. "ಅದನ್ನ ಬರೆದೋರು ಅವತ್ತು ಕಣ್ಣಾರೆ ನೋಡಿದ್ರಾ? ಇಲ್ಲಾ ಆಮೇಲೆ ಸುಮ್ನೆ ಊಹಿಸ್ಕೊಂಡ್ರಾ?"

"ನಂಗೊತ್ತಿಲ್ಲ. ಅವರನ್ನೇ ಕೇಳೋಣ."

ಮರುದಿನ ಮಧ್ಯಾಹ್ನ ತೋವೆ ಬಂದರು. ನಾನು ಕಾಫಿ ಬಗ್ಗಿಸಿದೆ. ಆಸ್ಗರ್ ತನ್ನ ಲೋಟ ಬದಿಗಿಟ್ಟ.

"ಅವತ್ತು ನಾನು ಆಸ್ಪತ್ರೇಲಿದ್ದೆ, ಮೊಣಕಾಲಿನ ಆಪರೇಷನ್," ಎಂದ. "ಹೊರಡೋವಾಗ ಅವನು ಹೇಗಿದ್ದ?"

"ನಾನು ಕಿಟಕಿ ತೆಗೆದು ಕಂಬಳಿ ಕೊಡವ್ತಾ ಇದ್ದೆ," ಎಂದರು ತೋವೆ. "ಯೆಪ್ಪೆ ದೋಣಿ ಹಿಂದ್ಗಡೆ ನಿಂತು ಹಗ್ಗ ಸುತ್ತಿದ್ದ. ನನ್ನ ನೋಡಿ, 'ಪ್ರೇಮಪತ್ರ ಬಂದ್ರೆ ಜೋಪಾನ, ಅಣ್ಣನ ಕೈಗೆ ಮಾತ್ರ ಕೊಡ್ಬೇಡಿ!' ಅಂತ ಕೂಗಿದ. ಆಮೇಲೆ ಹಾಡ್ಕೊಂಡು ಹೋದ. ಶ್ರುತೀನೂ ಇಲ್ಲ, ತಾಳಾನೂ ಇಲ್ಲ."

ಆಸ್ಗರ್ ನಕ್ಕುಬಿಟ್ಟ. ನಗುತ್ತಲೇ ಅಂಗೈಯಿಂದ ಕಣ್ಣೊರೆಸಿಕೊಂಡ. "ಇಡೀ ಜನ್ಮ ಹಾಗೇ ಹಾಡ್ದ ಅವನು. ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ನೀವು?"

"ನಿನ್ನ ಮನೆಗೆ ಕಾಗದ ಹಾಕೋವಾಗೆಲ್ಲ ಬಾಗಿಲಲ್ಲಿ ನಿಲ್ತಿದ್ದೆ ಕಣಪ್ಪ. ಬಾಯಿ ಬರ್ಲಿಲ್ಲ. ಅದಕ್ಕೇ ಈ ಚಿತ್ರ ಬರೆದೆ."

ಅವನು ಎದ್ದು ಚಿತ್ರದ ಹತ್ತಿರ ಹೋಗಿ, ದೋಣಿಯ ಹಿಂಭಾಗದಲ್ಲಿದ್ದ ಕಡ್ಡಿಯಷ್ಟು ಸಣ್ಣ ಆಕೃತಿಯನ್ನು ದಿಟ್ಟಿಸಿದ. "ಉಳಿದವರ ಮನೆಯವ್ರೂ ನೋಡ್ಬೇಕು ಇದನ್ನ," ಎಂದ.

ಆ ಮನೆಗಳಿಗೆ ಅವನೇ ಹೋಗಿ ಕರೆದ. ಶನಿವಾರ ಎಲ್ಲರೂ ಬಂದರು. ಪ್ರೆಬೆನ್ ಯಾರೂ ಹೇಳದೆಯೇ ಕುರ್ಚಿ ಹೊತ್ತು ತಂದ. ಚುಕ್ಕಾಣಿ ಹಿಡಿಯುತ್ತಿದ್ದವನ ತಾಯಿ ಕಿರ್ಸ್ಟಿನೆ ಅಜ್ಜಿ ಚಿತ್ರದ ಎದುರಿಗೇ ಕೂತು, "ನನ್ನ ಮಗ ಟೋಪಿ ಹಾಕ್ಕೊಂಡಿದ್ನಾ?" ಎಂದು ಕೇಳಿತು.

"ಹಾಕ್ಕೊಂಡಿದ್ದ, ಕೆಂಪು ಟೋಪಿ," ಎಂದರು ತೋವೆ.

"ನಾನೇ ಹೆಣೆದದ್ದು," ಎಂದಿತು ಅಜ್ಜಿ. ಅಲ್ಲಿಂದ ಎಲ್ಲರ ಮಾತೂ ಶುರುವಾಯಿತು. ರೈ ಬ್ರೆಡ್ಡು, ಹೆರಿಂಗ್ ಮೀನು ಖಾಲಿಯಾದರೂ ಯಾರೂ ಏಳಲಿಲ್ಲ.

ಮುಂದಿನ ತಿಂಗಳು ಇನ್ನೊಬ್ಬರ ಮರದ ಕೆತ್ತನೆಗಳು ಬಂದವು. ತೋವೆ ದೋಣಿಯ ಚಿತ್ರವನ್ನು ಮನೆಗೆ ಒಯ್ಯಲಿಲ್ಲ. ಆ ಮನೆಗಳಲ್ಲಿ ಸರದಿಯಂತೆ ಇರಲಿ ಎಂದರು. ಮೊದಲ ಸರದಿ ಅಜ್ಜಿಯದು. ಆಸ್ಗರ್ ಅದನ್ನು ಕಂಬಳಿಯಲ್ಲಿ ಸುತ್ತಿ, ಹಿಮದಲ್ಲಿ ಕಾಲು ಜಾರದಂತೆ ನಿಧಾನವಾಗಿ ನಡೆದು ಹೋಗಿ, ಅಜ್ಜಿಯ ಗೋಡೆಗೆ ತಾನೇ ಮೊಳೆ ಹೊಡೆದು ತೂಗುಹಾಕಿ ಬಂದ.