ಉಲಮಿಲಾಳ ತೋಟಕ್ಕೆ ಕಟ್ಟಿದ ತೆಂಗಿನ ಗರಿ

ಸಲನಿಯೇತಾ ಮೂರು ತಿಂಗಳಿಂದ ವಾರಕ್ಕೆ ಎರಡು ಸಲ ಓತಾ ಸೊಪ್ಪು ಕೀಳುತ್ತೇನೆಂದು ಕಾಡಿಗೆ ಹೋಗುತ್ತಿದ್ದಳು. ಬೆಳಿಗ್ಗೆ ಹೋದವಳು ಮಧ್ಯಾಹ್ನ ಕಳೆದ ಮೇಲೆ ಬರುತ್ತಿದ್ದಳು. ಬುಟ್ಟಿಯ ತಳದಲ್ಲಿ ಒಂದು ಹಿಡಿ ಸೊಪ್ಪು. ಮೊಣಕಾಲವರೆಗೆ ಕೆಂಪು ಮಣ್ಣು.

ಕಂದಾವು ದ್ವೀಪದ ಆ ಹಳ್ಳಿಯಲ್ಲಿ ಇರುವುದೇ ಮೂವತ್ತು ಮನೆ. ಅಲ್ಲಿ ಯಾರ ಕಾಲಿಗೆ ಯಾವ ಮಣ್ಣು ಮೆತ್ತಿದೆ ಅನ್ನುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಮಕೆರೇತಾಳ ಕಣ್ಣಿಗಂತೂ ಎಲ್ಲರಿಗಿಂತ ಮೊದಲು. ಅವಳು ಸಲನಿಯೇತಾಳ ಗಂಡನ ಚಿಕ್ಕಪ್ಪನ ಮಗಳು, ಅದೇ ಊರಿನ ಇನ್ನೊಂದು ಮನೆತನಕ್ಕೆ ಮದುವೆಯಾದವಳು. ಇಬ್ಬರು ಮಕ್ಕಳನ್ನು ಸುವಾ ಪಟ್ಟಣದ ಕಾಲೇಜಿಗೆ ಕಳಿಸಿ ಓದಿಸಿದವಳು.

ಒಂದು ದಿನ ಇಬ್ಬರೂ ಕೂತು ಕೇದಗೆ ಎಲೆಯ ಚಾಪೆ ಹೆಣೆಯುತ್ತಿದ್ದಾಗ ಮಕೆರೇತಾ ತಲೆ ಎತ್ತದೆಯೇ ಕೇಳಿದಳು:

"ಏನೇ ಸಲಾ, ಓತಾ ಈಗ ಗುಡ್ಡ ಹತ್ತಿ ಬೆಳೀತಾ ಇದೆಯಾ?"

"ಇಲ್ಲ ಅತ್ತಿಗೆ. ಹೊಳೆ ಹತ್ರಾನೇ."

"ಹೊಳೆ ಹತ್ರ ಇರೋದು ಕಪ್ಪು ಕೆಸರು. ನಿನ್ನ ಕಾಲಲ್ಲಿ ಕೆಂಪು ಮಣ್ಣು. ಒಂದು ಹಿಡಿ ಸೊಪ್ಪಿಗೆ ಅರ್ಧ ದಿನ ಹಿಡಿಯುತ್ತೆ ಅಂದ್ರೆ, ಒಂದೊಂದೇ ಎಲೆಯನ್ನ ಅಪ್ಪಣೆ ಕೇಳಿ ಕೀಳ್ತೀಯೇನೋ!"

ಸಲನಿಯೇತಾಳ ಕೈ ನಿಂತಿತು. ಸುತ್ತ ನೋಡಿದಳು. ಬಾಗಿಲ ಹೊರಗೂ ಇಣುಕಿದಳು. ಆಮೇಲೆ ಪಿಸುದನಿಯಲ್ಲಿ ಹೇಳಿದಳು:

"ನೂರು ಗಿಡ ನೆಟ್ಟಿದೀನಿ ಅತ್ತಿಗೆ. ಯಂಗೋನ. ಗುಡ್ಡದ ಆ ಕಡೆ, ಯಾರೂ ಹೋಗದ ಕಡೆ. ಉಲಮಿಲಾಳ ಓದಿಗೆ. ದಯವಿಟ್ಟು ಯಾರಿಗೂ ಹೇಳಬೇಡಿ."

ಯಂಗೋನದ ಬೇರನ್ನು ಕುಟ್ಟಿ ನೀರಿನಲ್ಲಿ ಕಲಸಿ ಕುಡಿಯದೆ ಆ ಊರಿನಲ್ಲಿ ಮದುವೆಯಿಲ್ಲ, ಸಾವಿಲ್ಲ, ನೆಂಟರ ಉಪಚಾರವಿಲ್ಲ. ಸುವಾದ ಮಾರುಕಟ್ಟೆಯಲ್ಲಿ ಅದಕ್ಕೆ ಒಳ್ಳೆಯ ಬೆಲೆಯೂ ಉಂಟು. ಆದರೆ ಗಿಡ ಬಲಿಯಲು ಮೂರು ನಾಲ್ಕು ವರ್ಷ ಬೇಕು. ಮಗಳು ಉಲಮಿಲಾ ಆಗ ಹತ್ತನೇ ತರಗತಿ. ಅಲ್ಲಿ ಶಾಲೆ ಹದಿಮೂರನೇ ತರಗತಿಯವರೆಗೆ, ಮುಗಿಯಲು ಇನ್ನು ಮೂರೂವರೆ ವರ್ಷವಿತ್ತು. ನರ್ಸ್ ಆಗಬೇಕೆಂಬುದು ಅವಳ ಆಸೆ. ಈ ಗಿಡಗಳು ಹೋದರೆ ಮತ್ತೆ ನೆಟ್ಟು ಬೆಳೆಸಲು ಸಮಯವಿರಲಿಲ್ಲ.

ಹಿರಿಮಗ ವೈಸಾಲೆಗೂ ಹೀಗೇ ನೂರಿಪ್ಪತ್ತು ಗಿಡ ನೆಟ್ಟಿದ್ದರು, ಮನೆಯ ಹಿಂದೆಯೇ. ಎರಡನೇ ವರ್ಷ ಅಜ್ಜಿ ತೀರಿಕೊಂಡಳು. ಮೂವತ್ತು ಗಿಡ ಕಿತ್ತರು. ಆಮೇಲೆ ಚರ್ಚಿನ ಚಾವಣಿಯ ಖರ್ಚಿಗೆ ನಲವತ್ತು. ಸೋದರಸಂಬಂಧಿಯ ಮದುವೆಗೆ ಒಂದಿಷ್ಟು. ಬಂಧುಗಳು ಬಾಯಿಬಿಟ್ಟು ಕೇಳಿದರೆ ಇಲ್ಲ ಅನ್ನುವ ರೂಢಿ ಅಲ್ಲಿಲ್ಲ. ಅದೇನು ಕೆಟ್ಟ ರೂಢಿಯೂ ಅಲ್ಲ. ಸಲನಿಯೇತಾಳ ಗಂಡ ನೆತಾನಿ ಕಾಲು ಮುರಿದುಕೊಂಡು ಮಲಗಿದ ಐದು ತಿಂಗಳು ಆ ಮನೆಗೆ ಗೆಣಸು, ಮೀನು ತಂದುಕೊಟ್ಟವರು ಅದೇ ಬಂಧುಗಳು. ಆದರೆ ವೈಸಾಲೆಗೆ ಕಾಲೇಜಿನಿಂದ ಕಾಗದ ಬಂದ ದಿನ ತೋಟದಲ್ಲಿ ಉಳಿದದ್ದು ಹನ್ನೊಂದು ಗಿಡ. ಹುಡುಗ ಸುವಾದ ಬಂದರಿನಲ್ಲಿ ಮೂಟೆ ಹೊರಲು ಹೋದ. ಆ ಕಾಗದ ಇನ್ನೂ ಸಲನಿಯೇತಾಳ ಬೈಬಲ್ಲಿನೊಳಗೆ ಇದೆ.

"ಅದಕ್ಕೇ ಈ ಸಲ ಬಚ್ಚಿಟ್ಟೆ," ಅಂದಳು.

"ಬಚ್ಚಿಟ್ಟು ಏನು ಸಿಕ್ತು? ಮೂರು ತಿಂಗಳಿಂದ ಸರಿಯಾಗಿ ನಿದ್ದೆ ಮಾಡಿದೀಯಾ?"

ಸಲನಿಯೇತಾ ಬಿಟ್ಟ ಎಳೆಯನ್ನು ಮತ್ತೆ ಹೆಣೆಯತೊಡಗಿದಳು.

"ನಾಳೆ ಎಪರಾಮಣ್ಣ ಕಾಡುಹಂದಿ ಅಟ್ಟಿಸ್ಕೊಂಡು ಆ ಕಡೆ ಹೋದ ಅನ್ನು. ಗಿಡ ಕಾಣುತ್ತೆ. ಮನೆತನದ ಯಜಮಾನ, ನಿನ್ನ ಗಂಡನ ಅಣ್ಣ, ಬಂದು ಕೇಳ್ತಾನೆ. ಏನು ಮಾಡ್ತೀಯ?"

"ಕೊಡ್ತೀನಿ. ಕೇಳಿದ ಮೇಲೆ ಇನ್ನೇನು ಮಾಡಲಿ?"

"ಅದು ಉಲಮಿಲಾದು ಅಂತ ಅವನಿಗೆ ಯಾರು ಹೇಳಿದಾರೆ? ಗಿಡ ಹೇಳುತ್ತಾ? ವೈಸಾಲೆಯ ಗಿಡ ವೈಸಾಲೆಯದು ಅಂತ ನೀವು ಯಾರಿಗಾದ್ರೂ ಹೇಳಿದ್ರಾ? ಎಲ್ಲರ ಕಣ್ಣಿಗೂ ಅದು ಬರೀ ತೋಟ."

ಮಕೆರೇತಾ ಚಾಪೆ ಪಕ್ಕಕ್ಕಿಟ್ಟಳು. "ನಮ್ಮ ದೊಡ್ಡ ಯಜಮಾನರು ತೀರಿಕೊಂಡಾಗ ಊರ ಮುಂದಿನ ಹವಳದ ದಂಡೆಗೆ ತಂಬು ಅನ್ನೋ ಕಟ್ಟುಪಾಡು ಹಾಕಿದ್ರು, ಯಾರೂ ಮೀನು ಹಿಡೀಬಾರದು ಅಂತ, ನೆನಪಿದೆಯಾ? ಒಂದು ಗೂಟ, ಅದಕ್ಕೊಂದು ತೆಂಗಿನ ಗರಿ. ನೂರು ರಾತ್ರಿ ಒಬ್ಬನಾದ್ರೂ ಅಲ್ಲಿ ಬಲೆ ಬೀಸಿದ್ನಾ? ಮೀನಿಗೆ ಕಟ್ಟೋ ಗರೀನ ಮಗುವಿಗೆ ಯಾಕೆ ಕಟ್ಟಬಾರದು? ನನ್ನ ಗಂಡನ ಮನೆಯವರು ನನ್ನ ಮಕ್ಕಳ ತೋಟಕ್ಕೆ ಅದನ್ನೇ ಮಾಡಿದ್ದು."

ಸಂಜೆ ಮಕೆರೇತಾ ಅವರ ಮನೆಗೆ ಬಂದಳು. ಅಕ್ಕ ತಮ್ಮಂದಿರು, ಚಿಕ್ಕಪ್ಪನ ಮಕ್ಕಳಾದರೂ ಸರಿ, ಎದುರೆದುರು ಮಾತಾಡುವ ವಾಡಿಕೆ ಅಲ್ಲಿನ ಹಿರಿಯರಲ್ಲಿಲ್ಲ. ಹಾಗಾಗಿ ನೆತಾನಿ ಬಾಗಿಲ ಕಡೆ ಮುಖ ಮಾಡಿ ಕೂತ. ಮಕೆರೇತಾ ಒಲೆಯ ಕಡೆ. ನಡುವೆ ಸಲನಿಯೇತಾ.

"ನಿನ್ನ ಗಂಡನಿಗೆ ಹೇಳು ಸಲಾ, ಯಜಮಾನರ ಹತ್ರ ಹೋಗಿ ಕೇಳಬೇಕು ಅಂತ."

"ಅವಳಿಗೆ ಹೇಳು," ನೆತಾನಿ ಬಾಗಿಲಿಗೆ ಅಂದ, "ಸ್ವಂತ ಅಣ್ಣನ ಮುಂದೆ ಹೋಗಿ ನನ್ನ ಗಿಡ ಮುಟ್ಟಬೇಡ ಅನ್ನೋಕೆ ನನಗೆ ನಾಚಿಕೆ ಆಗುತ್ತೆ ಅಂತ. ನಮ್ಮನ್ನ ಜಿಪುಣರು ಅಂತಾರೆ."

"ಮುಟ್ಟಬೇಡಿ ಅನ್ನೋದಲ್ಲ, ಕಾಪಾಡಿ ಅನ್ನೋದು. ಎರಡಕ್ಕೂ ವ್ಯತ್ಯಾಸ ಗೊತ್ತಾಗದಿದ್ರೆ ಅವನೂ ಮಗಳ ಜೊತೆ ಶಾಲೆಗೆ ಹೋಗಲಿ ಅಂತ ಹೇಳು."

ಮೂಲೆಯಲ್ಲಿ ಓದುತ್ತಿದ್ದ ಉಲಮಿಲಾ ಪುಸ್ತಕದೊಳಗೆ ಮುಖ ಹುದುಗಿಸಿ ನಕ್ಕಳು. ನೆತಾನಿಗೂ ನಗು ಬಂತು, ಬಾಗಿಲಿಗೆ ಮಾತ್ರ ತೋರಿಸಿದ.

"ಕಾಲೇಜಿಗೆ ಎಷ್ಟು ಬೇಕು ಅಂತಾದ್ರೂ ಲೆಕ್ಕ ಹಾಕಿದೀರಾ?" ಮಕೆರೇತಾ ಕೇಳಿದಳು.

"ಶುಲ್ಕ ಎಷ್ಟು ಅಂತ ಗೊತ್ತು," ಅಂದಳು ಸಲನಿಯೇತಾ.

"ಶುಲ್ಕ ಒಂದೇನಾ? ಅವಳು ಎಲ್ಲಿ ಮಲಗ್ತಾಳೆ? ಏನು ತಿಂತಾಳೆ? ಪುಸ್ತಕ, ಸಮವಸ್ತ್ರ, ಕ್ರಿಸ್‌ಮಸ್‌ಗೆ ಊರಿಗೆ ಬರೋ ಹಡಗಿನ ಖರ್ಚು? ನಾನೂ ಮೊದಲನೇ ಮಗುವಿಗೆ ಶುಲ್ಕ ಒಂದೇ ಅಂದುಕೊಂಡು ಹೋಗಿ, ಆರು ತಿಂಗಳು ಅಕ್ಕನ ಮನೇಲಿ ಬಿಟ್ಟು ಅವಳ ಬಾಯಲ್ಲಿ ಮಾತು ಕೇಳಿದೆ. ಬರಿ ಉಲಮಿಲಾ, ಎಲ್ಲಾನೂ ಬರಿ. ನಾಳೆ ನಿಮ್ಮ ಮೇಷ್ಟ್ರನ್ನ ಕೇಳು, ಓದೋಕೆ ಏನೇನು ನೆರವು ಸಿಗುತ್ತೆ, ಅರ್ಜಿ ಯಾವಾಗ ಹಾಕಬೇಕು ಅಂತ. ಸಾಲ ತಗೋಳೋದಾದ್ರೆ ಅದು ಕೊನೆಗೆ. ಮೊದಲು ಇವೆಲ್ಲ."

"ನೂರು ಗಿಡ ಸಾಲುತ್ತಾ?" ಸಲನಿಯೇತಾಳ ದನಿ ಸಣ್ಣಗಾಗಿತ್ತು.

"ಒಂದೇ ಸಲ ಕೀಳೋದಲ್ಲ ಕಣೇ. ಈ ನೂರು ಮೊದಲನೇ ವರ್ಷಕ್ಕೆ. ಬರೋ ವರ್ಷ ಇನ್ನೊಂದಿಷ್ಟು ನೆಡಿ, ಅದು ಎರಡನೇ ವರ್ಷದ ಓದಿಗೆ. ಆಮೇಲೆ ಇನ್ನೊಂದಿಷ್ಟು. ಅವಳು ಒಂದೊಂದು ವರ್ಷ ಓದ್ತಾ ಹೋದ ಹಾಗೆ ಒಂದೊಂದು ಸಾಲು ಬಲೀತಾ ಬರುತ್ತೆ. ಮಾರಿದ ದುಡ್ಡು ಮನೆ ಡಬ್ಬಕ್ಕಲ್ಲ, ಬ್ಯಾಂಕಿಗೆ. ನಿಮ್ಮಿಬ್ಬರದೂ ಸಹಿ ಬೀಳದೆ ಹೊರಗೆ ಬರಬಾರದು."

ಶನಿವಾರ ನೆತಾನಿ ಯಂಗೋನದ ಒಳ್ಳೆಯ ಒಣಬೇರಿನ ಕಟ್ಟು ಹಿಡಿದು ಅಣ್ಣನ ಮನೆಗೆ ಹೋದ. ಮನೆತನದ ಗಂಡಸರೆಲ್ಲ ಸೇರಿದ್ದರು. ಸಲನಿಯೇತಾ ಬಾಗಿಲ ಬಳಿ, ಹೆಂಗಸರ ಸಾಲಿನ ಕೊನೆಯಲ್ಲಿ ಕೂತಳು. ನೆತಾನಿ ಕಟ್ಟನ್ನು ಮುಂದಿಟ್ಟು, ಕಣ್ಣು ಚಾಪೆಯ ಮೇಲಿಟ್ಟು ಮಾತಾಡಿದ:

"ಅಣ್ಣ, ಗುಡ್ಡದ ಹಿಂದೆ ನೂರು ಗಿಡ ಇವೆ. ನಿಮಗೆ ಹೇಳದೆ ನೆಟ್ಟಿದ್ದು ತಪ್ಪಾಯ್ತು. ಅವು ಉಲಮಿಲಾಳ ಓದಿಗೆ. ಅವಳು ಓದು ಮುಗಿಸೋವರೆಗೆ ಆ ಜಾಗಕ್ಕೆ ನೀವು ತಂಬು ಹಾಕಿ ಕಾಪಾಡಬೇಕು."

ಎಪರಾಮ ಬೇರಿನ ಕಟ್ಟನ್ನು ಕೈಗೆತ್ತಿಕೊಳ್ಳಲಿಲ್ಲ. ತೆಗೆದುಕೊಳ್ಳದಿದ್ದರೆ ಒಪ್ಪಲಿಲ್ಲವೆಂದೇ ಅರ್ಥ. ಬಾಗಿಲ ಬಳಿ ಸಲನಿಯೇತಾ ತಲೆ ತಗ್ಗಿಸಿದಳು. ಬಚ್ಚಿಟ್ಟದ್ದೂ ಹೋಯಿತು, ಕೇಳಿದ್ದೂ ಹೋಯಿತು ಅಂದುಕೊಂಡಳು.

"ಚರ್ಚಿನ ಚಾವಣಿಗೆ ನಲವತ್ತು ಗಿಡ ಕೇಳಿದ್ದು ನಾನು," ಎಪರಾಮ ನಿಧಾನವಾಗಿ ಅಂದ. "ಅವು ವೈಸಾಲೆಯ ಓದು ಅಂತ ಅವತ್ತು ನೀನು ಒಂದು ಮಾತು ಹೇಳಿದ್ದರೆ ನಾನು ಕೇಳ್ತಿದ್ನಾ? ಹುಡುಗ ಮೂಟೆ ಹೊರೋಕೆ ಹಡಗು ಹತ್ತಿದ ದಿನ ನನಗೆ ಗೊತ್ತಾಯ್ತು. ಮಾತಾಡೋಕೆ ಮುಖ ಇರಲಿಲ್ಲ."

ಆಮೇಲೆ ಎರಡೂ ಕೈಯಿಂದ ಕಟ್ಟನ್ನು ಎತ್ತಿಕೊಂಡ. ಗಂಡಸರೆಲ್ಲ ಅಂಗೈ ಗುಳಿ ಮಾಡಿ ಚಪ್ಪಾಳೆ ತಟ್ಟಿದರು. ಒಪ್ಪಿಗೆಯಾಯಿತು.

"ಇನ್ನೊಂದು ಮಾತು," ಎಪರಾಮ ಬಾಗಿಲ ಕಡೆ ತಿರುಗಿದ. "ಇನ್ಮೇಲೆ ಓತಾ ಸೊಪ್ಪಿಗೆ ಹೋದ್ರೆ ನಿಜವಾದ ಓತಾ ತಾರಮ್ಮ. ಮೂರು ತಿಂಗಳಿಂದ ನೆತಾನಿ ಬರೀ ಗೆಣಸು ತಿಂದು ಸೊರಗಿದಾನೆ."

ಮನೆಯೆಲ್ಲ ನಕ್ಕಿತು. ಸಲನಿಯೇತಾ ನಗುತ್ತಾ ಕಣ್ಣೊರೆಸಿಕೊಂಡಳು. ಅಂದರೆ ಎಲ್ಲರಿಗೂ ಮೊದಲೇ ಅನುಮಾನವಿತ್ತು! ಸೋಮವಾರ ಎಪರಾಮನೇ ಗುಡ್ಡದ ಹಿಂದೆ ಹೋಗಿ ಗೂಟ ನೆಟ್ಟು ತೆಂಗಿನ ಗರಿ ಕಟ್ಟಿದ.

ಮುಂದಿನ ವರ್ಷ ನೆತಾನಿಯ ಸೋದರತ್ತೆ ತೀರಿಕೊಂಡಳು. ಪಕ್ಕದ ಕೊಲ್ಲಿಯಿಂದ ದೋಣಿ ತುಂಬ ನೆಂಟರು ಬಂದರು. ಅವರಲ್ಲೊಬ್ಬ ಹಿರಿಯ ಸಲನಿಯೇತಾಳನ್ನು ನೋಡಿ, "ಗುಡ್ಡದ ಹಿಂದೆ ನಿಮ್ಮ ಯಂಗೋನ ಚೆನ್ನಾಗಿ ಬಂದಿದೆಯಂತಲ್ಲಮ್ಮ?" ಅಂದ. ಅವಳು ಬಾಯಿ ತೆರೆಯುವ ಮೊದಲೇ ಚಾಪೆಯ ಆ ತುದಿಯಿಂದ ಎಪರಾಮ ಕೂಗಿ ಹೇಳಿದ:

"ಅದು ಉಲಮಿಲಾದು ಭಾವ. ಬೇಕಾದ್ರೆ ಅವಳನ್ನೇ ಕೇಳು, ನರ್ಸ್ ಆಗಿ ಬಂದು ನಿನಗೆ ಸೂಜಿ ಚುಚ್ಚೋವಾಗ. ಇವತ್ತಿಗೆ ನನ್ನ ತೋಟದ್ದು ಕುಡಿ ಬಾ."

ಮಾರನೇ ದಿನ ನೆಂಟರಿಗೆ ಅಡುಗೆಗೆಂದು ಸಲನಿಯೇತಾ ಓತಾ ಸೊಪ್ಪಿಗೆ ಹೋದಳು. ಒಂದು ಗಂಟೆಯಲ್ಲಿ ಬುಟ್ಟಿ ತುಂಬಿಸಿ ಮರಳಿದಳು. ಕಾಲಿಗೆ ಕಪ್ಪು ಕೆಸರು ಮೆತ್ತಿತ್ತು.

ಇದನ್ನು ಓದುತ್ತಿರುವ, ಕೇಳುತ್ತಿರುವ ತಾಯಂದಿರೇ, ತಂದೆಯರೇ, ನಿಮ್ಮ ಮನೆಯಲ್ಲಿ ಯಂಗೋನ ಇಲ್ಲದಿರಬಹುದು. ಒಂದು ಹಸು ಇರಬಹುದು, ಒಂದು ಚೀಟಿ ಇರಬಹುದು, ಸಂಘದಲ್ಲಿ ಕಟ್ಟುವ ವಾರದ ಹಣ ಇರಬಹುದು. ಅದರಲ್ಲಿ ಇಷ್ಟು ಈ ಮಗುವಿನ ಓದಿಗೆ ಎಂದು ಇಂದೇ ಹೆಸರಿಟ್ಟು ತೆಗೆದಿಡಿ. ಮಗು ಹತ್ತನೇ ತರಗತಿಗೆ ಬರುವವರೆಗೂ ಕಾಯಬೇಡಿ. ಶುಲ್ಕದ ಜೊತೆ ಊಟ, ವಸತಿ, ಪ್ರಯಾಣವನ್ನೂ ಒಂದು ಹಾಳೆಯಲ್ಲಿ ಬರೆಯಿರಿ, ಬರೆಯುವಾಗ ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಸಿಗಬಹುದಾದ ನೆರವಿನ ಬಗ್ಗೆ ಶಾಲೆಯಲ್ಲಿ ವಿಚಾರಿಸಿ. ಮತ್ತೆ, ದಯವಿಟ್ಟು, ಒಬ್ಬರೇ ಬಚ್ಚಿಟ್ಟುಕೊಂಡು ಹೆದರುತ್ತ ಕೂರಬೇಡಿ. ನಿಮ್ಮನ್ನು ಕೇಳಲು ಬರುವವರಿಗೇ ಮೊದಲು ಹೇಳಿ. ಅವರಲ್ಲೇ ಒಬ್ಬರು ನಾಳೆ ನಿಮ್ಮ ಮಗುವಿನ ಪರವಾಗಿ ಮಾತಾಡಬಹುದು.