ನಡುವೆ ಸತ್ತ ಮೊಲಗಳು

"ಸ್ವಲ್ಪ ಓರೆ ಮಾಡಯ್ಯಾ, ಓರೆ!" ಸಂಶೋಧನಾ ಸಂಸ್ಥೆಯ ನಿರ್ದೇಶಕರು ಡ್ರೈವರನ್ನು ಗದರುತ್ತಿದ್ದರು. ಅವರು ತಂದ ಹೂವಿನ ಚಕ್ರ ಬಾಗಿಲಿಗಿಂತ ದೊಡ್ಡದು. ಅವನು ತಳ್ಳಿದಷ್ಟೂ ಹೂವು ಹೊಸಿಲ ಮೇಲೆ ಉದುರಿತು.

ಒಳಗೆ ಗಂಡನ ಶವದ ಪಕ್ಕ ಕೂತಿದ್ದವಳ ಕಿವಿಯಲ್ಲಿ ನಾದಿನಿ ಉಸುರಿದಳು: "ನೋಡಿ ಅತ್ತಿಗೆ. ಅಣ್ಣ ಇದ್ದಾಗ ಒಂದು ಒಳ್ಳೆ ಕುರ್ಚಿ ಕೊಡದವರು, ಈಗ ತೋಟಾನೇ ಹೊತ್ಕೊಂಡು ಬಂದಿದಾರೆ."

ನಿರ್ದೇಶಕರು ಕಣ್ಣೊರೆಸಿಕೊಂಡರು. ಕರವಸ್ತ್ರದ ಇಸ್ತ್ರಿ ಮಡಿಕೆ ಬಿಚ್ಚಲಿಲ್ಲ. ಆಮೇಲೆ ದನಿ ತಗ್ಗಿಸಿದರು: "ಅಮ್ಮಾ, ಹೊಸ ಔಷಧದ ವರದಿ ಅಚ್ಚಿಗೆ ಹೋಗ್ತಿದೆ. ಇವರ ಹೆಸರೇ ಮೊದಲು ಹಾಕಿಸ್ತೀನಿ. ನೀವು ಹೂಂ ಅಂದ್ರೆ ಸಾಕು."

ಅವಳು ಆ ಮುಖವನ್ನೇ ನೋಡಿದಳು. ಬದುಕಿದ್ದಾಗ ಸಿಗದ ಒಪ್ಪಿಗೆಯನ್ನು ಹೆಣದ ಪಕ್ಕ ಗಿಟ್ಟಿಸಲು ಬಂದಿತ್ತು. ದುಃಖ ಅದರ ಮೇಲೆ ಎರವಲು ಅಂಗಿಯ ಹಾಗೆ ಜೋಲುತ್ತಿತ್ತು.

*

ಬೀದಿಯವರು ಅವಳ ಗಂಡನನ್ನು "ಮೊಲದ ಡಾಕ್ಟ್ರು" ಎನ್ನುತ್ತಿದ್ದರು. ಹೃದಯಕ್ಕೆ ಬ್ಯಾಕ್ಟೀರಿಯಾ ಸೋಂಕು ತಗುಲಿಸಿದ ಮೊಲಗಳಿಗೆ ಹಳೆಯ ಔಷಧ, ಹೊಸ ಔಷಧ ಚುಚ್ಚಿ ಯಾವುದು ಮೇಲೆಂದು ಹೋಲಿಸುವುದರಲ್ಲೇ ಅವರ ತಲೆ ನೆರೆತಿತ್ತು. ಕೆಲವು ತಿಂಗಳ ಹಿಂದೆ ಒಂದು ಸಂಜೆ ತಟ್ಟೆಯ ಮುಂದೆ ಕೂತು ಕುದಿಯುತ್ತಿದ್ದರು.

"ಹೊಸ ಔಷಧ ಕೊಟ್ಟಾಗ ನಡುವೆ ಸತ್ತ ಮೊಲಗಳನ್ನ ಲೆಕ್ಕದಿಂದ ಬಿಡಬೇಕಂತೆ! ಚಿಕಿತ್ಸೆ ಮುಗಿಯೋಕೆ ಮುಂಚೆ ಸತ್ತವು, ನಮಗೆ ಸಂಬಂಧ ಇಲ್ಲ ಅಂತಾನೆ ಆ ನಿರ್ದೇಶಕ. ಫೇಲಾದವರನ್ನ ಹೊರಗೆ ನಿಲ್ಲಿಸಿ, ಇಡೀ ಶಾಲೆ ಪಾಸು ಅಂದ ಹಾಗೆ!"

"ಮೊಲಕ್ಕೋಸ್ಕರ ಯಾರಾದ್ರೂ ಜಗಳ ಆಡ್ತಾರೇನ್ರೀ? ಆ ವರದಿಗೆ ಸಹಿ ಹಾಕಿ, ಊಟ ಮಾಡಿ."

"ನಾಳೆ ಅದನ್ನೇ ಮನುಷ್ಯರಿಗೆ ಚುಚ್ತಾರೆ ಕಣೇ."

ಸಹಿ ಹಾಕಲಿಲ್ಲ. ಬಡ್ತಿಯೂ ಬರಲಿಲ್ಲ. ಮೊಂಡು ಮನುಷ್ಯ ಎಂದು ಅವಳೂ ಮೂಗು ಮುರಿದಿದ್ದಳು.

*

"ಏನಮ್ಮಾ, ಹೂಂ ತಾನೆ?"

"ಇವರೂ ಕೆಲಸ ಮುಗಿಯೋಕೆ ಮುಂಚೆನೇ ಸತ್ತರಲ್ಲ ಸಾರ್," ಎಂದಳು, ಎಲ್ಲರಿಗೂ ಕೇಳುವಂತೆ. "ನಡುವೆ ಸತ್ತವರನ್ನ ನೀವು ಲೆಕ್ಕಕ್ಕೆ ತಗೊಳ್ಳಲ್ವಲ್ಲ. ಇವರನ್ನೂ ಬಿಟ್ಬಿಡಿ."

ಸಂಸ್ಥೆಯವರ ಸಾಲಿನಲ್ಲಿ ಯಾರೋ ಕೆಮ್ಮಿದರು.

"ಪಾಪ, ಸಂಕಟದಲ್ಲಿ ಏನೋ ಅಂತಾರೆ," ನಿರ್ದೇಶಕರು ಹಲ್ಲು ಕಿರಿದರು.

"ಸಂಕಟ ಯಾರಿಗೋ!" ಎಂದಳು ನಾದಿನಿ.

ಶವದ ಗಾಡಿ ಹೊರಟಿತು. ನಿರ್ದೇಶಕರ ಕಾರು ಅಭ್ಯಾಸದಂತೆ ಹಾರನ್ ಹೊಡೆದು ಅದರ ಮುಂದೆ ನುಗ್ಗಿತು. ಸ್ಮಶಾನದ ತಿರುವು ಬಂದರೂ ತಿರುಗದೆ ನೆಟ್ಟಗೆ ಸಂಸ್ಥೆಯ ದಾರಿ ಹಿಡಿಯಿತು. ಶವದ ಗಾಡಿ ಎಡಕ್ಕೆ ಹೊರಳಿತು. ಹಿಂದಿದ್ದ ಸಂಸ್ಥೆಯವರು ಒಬ್ಬೊಬ್ಬರಾಗಿ ಕಾರಿನ ಬಾಲ ಹಿಡಿದರು. ಕೊನೆಯ ಸ್ಕೂಟರಿನವನೊಬ್ಬ ಮಾತ್ರ ತಿರುವಿನಲ್ಲಿ ಒಂದು ಕಾಲು ನೆಲಕ್ಕೂರಿ, ಅತ್ತಲೊಮ್ಮೆ ಇತ್ತಲೊಮ್ಮೆ ನೋಡುತ್ತ ನಿಂತೇ ಇದ್ದ.