ಅಡ್ಡ ಮಲಗಿದ ಚೂರು

ನನ್ನ ತಂಗಿ ಬೈಯುವುದನ್ನು ನಿಲ್ಲಿಸಿದ ದಿನ ನನಗೆ ಹೆದರಿಕೆ ಹುಟ್ಟಿತು.

ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ಡಾಕ್ಟರು. ರೋಗಿಗಳ ಮುಖ ನೋಡುವ ಡಾಕ್ಟರಲ್ಲ. ಅವರ ಮೈಯಿಂದ ತೆಗೆದ ಚೂರುಗಳನ್ನು, ಮೇಣದಲ್ಲಿ ಹುದುಗಿಸಿ ತೆಳ್ಳಗೆ ಕತ್ತರಿಸಿದ ಮೇಲೆ, ಸೂಕ್ಷ್ಮದರ್ಶಕದಲ್ಲಿ ನೋಡಿ, ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಬರೆದುಕೊಡುವವಳು. ಮನುಷ್ಯರ ಜೊತೆ ಏಗಲಾರದವರು ಈ ಕೆಲಸ ಹಿಡಿಯುತ್ತಾರೆ ಎಂದು ನಾನು ಕಾಲೆಳೆಯುತ್ತಿದ್ದೆ. ನಾನೋ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟವಳು, ಬೆಳಗಿನಿಂದ ಸಂಜೆತನಕ ಮಾತೇ ಬಂಡವಾಳ. ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲವೆಂದು, ನಾನು ದೊಡ್ಡವಳೆಂಬುದನ್ನೂ ಮರೆತು, ಅವಳು ಫೋನಿನಲ್ಲೇ ಚಳಿ ಬಿಡಿಸುತ್ತಿದ್ದಳು.

ಎದೆಯುರಿ, ಹೊಟ್ಟೆನೋವು ಹೆಚ್ಚಾದಾಗ ಬಾಯಿಂದ ನಳಿಗೆ ಇಳಿಸಿ ಜಠರದ ಒಳಗೋಡೆಯಿಂದ ಒಂದೆರಡು ಚೂರು ತೆಗೆದರು. ಬ್ಯಾಕ್ಟೀರಿಯಾ ಬೀಡುಬಿಟ್ಟಿದೆ ಎಂದು ಮಾತ್ರೆ ಬರೆದುಕೊಟ್ಟರು. ಚೂರುಗಳು ತಂಗಿಯ ಲ್ಯಾಬಿಗೇ ಹೋದವು. ಸ್ವಂತದವರ ಚೂರನ್ನು ಅಲ್ಲಿ ಯಾರೂ ನೋಡುವಂತಿಲ್ಲ. ಬೇರೆಯವರ ಮೇಜಿಗೆ ಸರಿಸಬೇಕು. ಇವಳಿಗೆ ತಡೆಯಲಾಗಲಿಲ್ಲ, ಕದ್ದು ನೋಡಿಬಿಟ್ಟಳು.

ಅಂದು ಸಂಜೆ ಅಂಗಡಿಗೆ ಬಂದಳು. ನಾನಿನ್ನೂ ಮಧ್ಯಾಹ್ನದ ಊಟ ಮಾಡಿಲ್ಲವೆಂದರೂ ಸಿಡುಕಲಿಲ್ಲ. ಸುಮ್ಮನೆ ಪೊರಕೆ ತೆಗೆದುಕೊಂಡು ನೆಲದ ಮೇಲಿನ ಕೂದಲು ಗುಡಿಸತೊಡಗಿದಳು. ನಮ್ಮ ಮನೆಯಲ್ಲಿ ಕುಡಿದ ಲೋಟವನ್ನೂ ಎತ್ತಿಡದವಳು.

"ಏನ್ ಕಂಡೆ, ಹೇಳ್ಬಿಡು," ಎಂದೆ.

ಮೊದಲು ಏನೂ ಇಲ್ಲವೆಂದಳು. ಆಮೇಲೆ ಪೊರಕೆ ಹಿಡಿದೇ ಕುಳಿತು ಹೇಳಿದಳು. ಸೋಂಕು ಇರುವಲ್ಲಿ ಕಾವಲಿನ ಜೀವಕೋಶಗಳು ಬಂದು ಗುಂಪುಗೂಡುವುದು ಸಹಜ. ಆದರೆ ಅವು ಜಠರದ ಗ್ರಂಥಿಗಳ ಒಳಗೇ ನುಗ್ಗಿ ಕೆಡವತೊಡಗಿದರೆ, ಕಾವಲುಗಾರರೇ ಕ್ಯಾನ್ಸರ್ ಆದರೆಂದು ಶಂಕಿಸಬೇಕು. ನನ್ನ ಚೂರಿನಲ್ಲಿ ನುಗ್ಗಿದಂತೆ ಕಂಡಿತಂತೆ. ನನಗೆ ಸಾಯುವ ಭಯವಾಯಿತು, ಸುಳ್ಳು ಯಾಕೆ ಹೇಳಲಿ.

ಮರುದಿನ ಅಂಗಡಿಗೆ ಬೀಗ ಹಾಕಿ ಅವಳ ಜೊತೆ ಲ್ಯಾಬಿಗೆ ಹೋದೆ. ನನ್ನ ಚೂರು ಹೋಗಿದ್ದು ಅವಳ ಹಿರಿಯ ಡಾಕ್ಟರ ಮೇಜಿಗೆ. ಎಲ್ಲರೂ ಅವರನ್ನು ಬೆನ್ನ ಹಿಂದೆ ಸಾವಕಾಶ ಎಂದೇ ಕರೆಯುತ್ತಿದ್ದರು. ಕಟ್ಟಡಕ್ಕೆ ಬೆಂಕಿ ಬಿದ್ದರೂ ಚಹಾ ಮುಗಿಸಿ ಏಳುವ ಆಸಾಮಿ. ಗಾಜಿನ ಪಟ್ಟಿಯನ್ನು ಅತ್ತ ಸರಿಸಿ, ಇತ್ತ ಸರಿಸಿ ನೋಡಿದರು. ಆಮೇಲೆ ತಂಗಿಯ ಮುಖ ನೋಡಿದರು. ಅವಳು ಕದ್ದು ನೋಡಿದ್ದು ಅವರಿಗೆ ಅಷ್ಟರಲ್ಲೇ ಗೊತ್ತಾಯಿತು.

"ಬೇರೆಯವ್ರ ಚೂರಾಗಿದ್ರೆ ನೀನೇ ಹೇಳ್ತಿದ್ದೆ," ಎಂದರು. "ಮೇಣದಲ್ಲಿ ಇದು ಅಡ್ಡ ಮಲ್ಕೊಂಡಿದೆ, ಓರೆಯಾಗಿ ಕತ್ತರಿಸಿದ್ದಾರೆ. ಗ್ರಂಥಿ ಒಳಗೆ ಯಾರು, ಹೊರಗೆ ಯಾರು ಅಂತ ಹೇಗೆ ಹೇಳ್ತೀಯಾ?"

ಮೇಣ ಕರಗಿಸಿ, ಚೂರನ್ನು ನೆಟ್ಟಗೆ ನಿಲ್ಲಿಸಿ, ಮತ್ತೆ ಕತ್ತರಿಸಲು ಹೇಳಿದರು. ಜೊತೆಗೊಂದು ಬಣ್ಣದ ಪರೀಕ್ಷೆ: ಕ್ಯಾನ್ಸರಾದರೆ ಗುಂಪೆಲ್ಲ ಒಂದೇ ಜೀವಕೋಶದ ಸಂತಾನವಂತೆ, ಬರೀ ಉರಿಯೂತವಾದರೆ ಹಲವು ಮೂಲದ ಬೆರಕೆಯಂತೆ.

ಕಾಯುವ ಆ ದಿನಗಳಲ್ಲಿ ಗಿರಾಕಿಯೊಬ್ಬಳ ಮುಂಗೂದಲನ್ನು ಹುಬ್ಬಿನಿಂದ ಬಹಳ ಮೇಲಕ್ಕೆ ಕತ್ತರಿಸಿಬಿಟ್ಟೆ. ಚೆನ್ನಾಗಿದೆ ಎಂದು ಹೋದಳು, ಪುಣ್ಯಾತ್ಗಿತ್ತಿ. ತಂಗಿ ನನ್ನ ಮನೆಯಲ್ಲೇ ಉಳಿದಳು. ನಾನು ಅನ್ನ ಅರ್ಧಕ್ಕೆ ಬಿಟ್ಟೆದ್ದರೂ ಒಂದು ಕೊಂಕು ಮಾತಿಲ್ಲ. ಆ ಮೌನ ರೋಗಕ್ಕಿಂತ ಹೆಚ್ಚು ಹಿಂಸೆ ಕೊಟ್ಟಿತು.

ಕೊನೆಗೆ ಸಾವಕಾಶರು ನಮ್ಮನ್ನು ಕರೆಸಿ, ಇಬ್ಬರು ಒಟ್ಟಿಗೆ ನೋಡಬಹುದಾದ ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ಜೀವಕೋಶಗಳ ದುಂಡನೆಯ ಗುಂಪು, ನಡುವೆ ತಿಳಿ ಬಣ್ಣ, ಸುತ್ತ ಗಾಢವಾದ ಅಂಚು. ಪಕ್ಕದಲ್ಲಿ ಗ್ರಂಥಿಗಳು ಸಾಲಾಗಿ, ಒಂದೂ ಕೆಡದೆ. ಬಣ್ಣದ ಪರೀಕ್ಷೆಯಲ್ಲೂ ಬೆರಕೆಯೇ ಕಂಡಿತ್ತು.

"ಕ್ಯಾನ್ಸರ್ ಅಲ್ಲಮ್ಮ. ಬ್ಯಾಕ್ಟೀರಿಯಾ ಜೊತೆ ಜಗಳಕ್ಕೆ ಬಂದ ಗುಂಪು ಅಷ್ಟೇ. ಮಾತ್ರೆ ಪೂರ್ತಿ ಮುಗಿಸಿ, ಆಮೇಲೆ ಇನ್ನೊಂದ್ಸಲ ನೋಡೋಣ."

ನಾನು ಅಲ್ಲೇ ಗಳಗಳನೆ ಅತ್ತೆ. ತಂಗಿ ಅಳಲಿಲ್ಲ. ಮಾತ್ರೆ ಇನ್ನೆಷ್ಟು ಉಳಿದಿದೆ ಎಂದು ಕೇಳಿದಳು. ಕ್ಯಾನ್ಸರೇ ಆದಮೇಲೆ ಮಾತ್ರೆ ಯಾಕೆಂದು ಪೊಟ್ಟಣ ಒಡೆದೇ ಇಲ್ಲವೆಂದೆ.

ಅವಳ ಮುಖ ಕೆಂಪೇರಿತು. "ಶುರುನೇ ಮಾಡಿಲ್ವಾ? ನಿನ್ ತಲೇಲಿ ಏನಿದೆ ಅಕ್ಕ, ಕೂದ್ಲು ಬಿಟ್ರೆ?"

ಲ್ಯಾಬಿನವರೆಲ್ಲ ತಿರುಗಿ ನೋಡಿದರು. ಸಾವಕಾಶರು ಚಹಾ ಲೋಟ ಎತ್ತಿಕೊಂಡರು. ಮೆಟ್ಟಿಲಿಳಿಯುವಾಗಲೂ, ಬೀದಿಗೆ ಬಂದ ಮೇಲೂ ಅವಳು ಬೈಯುತ್ತಲೇ ಇದ್ದಳು. ನಾನು ಎದುರಾಡದೆ, ಒಂದು ಮಾತನ್ನೂ ಬಿಡದೆ ಕೇಳಿಸಿಕೊಳ್ಳುತ್ತ ಅವಳ ಪಕ್ಕದಲ್ಲೇ ನಡೆದೆ.